ತೋಡಿನ ಮೋರಿ ಹತ್ತಿರ ಅನ್ನದ ಚೀಲಗಳು

7ನೇ ಮನೆ, ಟೀಚರ್: ನಮ್ಮ ಬೀದಿಯ ಗುಂಪಿನ ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹಾಲಿಗೆ ಹೋಗುವಾಗ ತೋಡಿನ ಮೋರಿ ಹತ್ತಿರ ನಿಂತು ನೋಡಿದೆ. ಹನ್ನೊಂದು ಚೀಲ. ಒಂದನ್ನು ನಾಯಿ ಹರಿದಿತ್ತು. ಒಳಗೆ ಕುಚ್ಚಲಕ್ಕಿ ಅನ್ನ, ಪಾತ್ರೆಯಿಂದ ಕವುಚಿದ ಹಾಗೇ ಗಟ್ಟಿಯಾಗಿ ಕೂತಿದೆ. ಬದಿಯಲ್ಲಿ ಸೌಟಿನ ಗುರುತು ಕೂಡ ಕಾಣುತ್ತಿತ್ತು. ಯಾರೂ ಉಣ್ಣದ ಅನ್ನ. ತುಂಬಾ ಬೇಜಾರಾಯಿತು. ಮಳೆ ಹಿಡಿದರೆ ಇದೆಲ್ಲ ಚಂದ್ರಗಿರಿ ಹೊಳೆಗೇ ಹೋಗುವುದು. ಏನಾದರೂ ಮಾಡಲೇಬೇಕು.

12ನೇ ಮನೆ: ಕ್ಯಾಮೆರಾ ಹಾಕಿಸೋಣ ಟೀಚರ್. ನಾಲ್ಕು ಜನಕ್ಕೆ ದಂಡ ಬಿದ್ದರೆ ಸರಿಯಾಗುತ್ತದೆ.

3ನೇ ಮನೆ: ಮನೆಮನೆಗೆ ಬಂದು ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಟ್ಟರೆ ಆಗುವುದಿಲ್ವಾ? ತಿಂಗಳಿಗೆ 50 ರೂಪಾಯಿ ಕೊಡುತ್ತೇವಲ್ಲ.

7ನೇ ಮನೆ, ಟೀಚರ್: ಇಲ್ಲ ಅಕ್ಕ, ಅವರು ತೆಗೆದುಕೊಳ್ಳುವುದು ಪ್ಲಾಸ್ಟಿಕ್ಕಿನಂಥ ಒಣ ಕಸ, ಅದನ್ನೂ ತೊಳೆದು ಒಣಗಿಸಿ ಕೊಡಬೇಕು. ಅಡುಗೆಮನೆಯದ್ದನ್ನು ನಾವೇ ನೋಡಿಕೊಳ್ಳಬೇಕು. ಕ್ಯಾಮೆರಾ ಬೇಡ ಅನ್ನುವುದಿಲ್ಲ. ಆದರೆ ಅದನ್ನು ಕಂಡವರು ಇನ್ನೊಂದು ಮೋರಿ ಹುಡುಕುತ್ತಾರೆ ಅಷ್ಟೆ. ಅನ್ನ ಯಾಕೆ ಉಳಿಯುತ್ತದೆ ಅಂತ ಮೊದಲು ನೋಡೋಣ.

ಕಳೆದ ವಾರ ನಮ್ಮ ಮನೆಯ ಅಡುಗೆ ಕಸವನ್ನೇ ತೂಗಿದೆ. ನಾಲ್ಕು ಜನ, ಏಳು ದಿನ, ಐದೂವರೆ ಕಿಲೋ. ಅದರಲ್ಲಿ ಎರಡು ಕಿಲೋ ಬರೀ ಅನ್ನ, ಸಾಂಬಾರು, ಹುಳಿ ಬಂದ ದೋಸೆ ಹಿಟ್ಟು. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಲ್ಲಿ ಉಂಟು, ಸಿಪ್ಪೆ ಬೀಜ ಎಲ್ಲ ಸೇರಿ. ವರ್ಷದ ಲೆಕ್ಕಕ್ಕೆ ತಂದರೆ ನಮ್ಮದು ಅದಕ್ಕಿಂತ ಜಾಸ್ತಿ! ಕಾರಣವೂ ಸಿಕ್ಕಿತು. ಮಗ ಮಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಐದು ಜನರ ಅಕ್ಕಿಯೇ ಹಾಕುತ್ತಿದ್ದೆ. ಈಗ ಒಂದು ಕುಡ್ತೆ ಕಡಿಮೆ ಮಾಡಿದ್ದೇನೆ.

9ನೇ ಮನೆ, ಅಜ್ಜ: ನಮ್ಮಲ್ಲಿ ಮೊದಲು ಅಕ್ಕಚ್ಚು, ತೆಳಿ, ಬಾಳೆಕಾಯಿ ಸಿಪ್ಪೆ ಎಲ್ಲ ದನದ ಕಲಗಚ್ಚಿಗೆ ಹೋಗುತ್ತಿತ್ತು. ಉಳಿಯಿತು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ದನ ಕೊಟ್ಟು ಹದಿನೈದು ವರ್ಷ ಆಯಿತು, ಅಕ್ಕಿಯ ಅಳತೆ ಮಾತ್ರ ಬದಲಾಗಲಿಲ್ಲ. ಟೀಚರ್ ಹೇಳಿದ್ದು ಸರಿ.

15ನೇ ಮನೆ: ನಾನು ಪೈಪ್ ಕಾಂಪೋಸ್ಟ್ ಮಾಡಿ ನೋಡಿದೆ, ಪೈಪಿನೊಳಗೆ ಅಡುಗೆ ಕಸ ಹಾಕಿ ಗೊಬ್ಬರ ಮಾಡುವುದು. ಜೂನ್ ತಿಂಗಳಲ್ಲಿ ಹುಳ, ವಾಸನೆ. ಮನೆಯವಳು ಬೇಡ ಅಂದಳು, ಬಿಟ್ಟೆ.

7ನೇ ಮನೆ, ಟೀಚರ್: ನೀರು ಜಾಸ್ತಿಯಾಗಿ ಗಾಳಿ ಸಿಗದಿದ್ದರೆ ಹಾಗಾಗುತ್ತದೆ ಅಣ್ಣ. ಸಾಂಬಾರಿನ ನೀರು ಬಸಿದು ಹಾಕಿ. ಪ್ರತಿ ಸಲ ಮೇಲಿಂದ ಎರಡು ಹಿಡಿ ತೆಂಗಿನ ನಾರಿನ ಪುಡಿಯೋ ತರಗೆಲೆಯೋ ಬೀಳಲಿ. ಮಳೆಗೆ ಮೊದಲೇ ಒಂದು ಗೋಣಿ ತರಗೆಲೆ ಒಣಗಿಸಿ ಜಗಲಿ ಮೂಲೆಯಲ್ಲಿಡಿ. ಮಳೆನೀರು ಒಳಗಿಳಿಯದ ಹಾಗೆ ಮುಚ್ಚಳವೂ ಬೇಕು. ಚೀಲ ಕಟ್ಟಿ ಎಸೆದರೂ ಆಗುವುದು ಅದೇ. ಗಾಳಿಯಿಲ್ಲದೆ ಕೊಳೆತು ಮೀಥೇನ್ ಬರುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಸೆಕೆ ತಡೆಯುವುದಿಲ್ಲ ಅಂತ ನಾವೇ ಹೇಳುತ್ತೇವೆ, ಅಲ್ವಾ?

2ನೇ ಮನೆ, ಮಹಡಿ: ನಾವು ಬಾಡಿಗೆಗೆ ಇರುವ ಹುಡುಗರು. ಅಂಗಳ ಇಲ್ಲ. ನಿಜ ಹೇಳುತ್ತೇನೆ ಟೀಚರ್, ಆ ಚೀಲಗಳಲ್ಲಿ ಎರಡು ನಮ್ಮದು. ರಾತ್ರಿ ಪಾಳಿ ಮುಗಿಸಿ ಬಂದು ಎಲ್ಲಿ ಹಾಕುವುದು ಅಂತ ಗೊತ್ತಾಗಲಿಲ್ಲ. ಕ್ಷಮಿಸಿ.

7ನೇ ಮನೆ, ಟೀಚರ್: ಹೇಳಿದೆಯಲ್ಲ ತಮ್ಮಾ, ದೊಡ್ಡ ಮಾತು. ಮುಚ್ಚಳದ ಒಂದು ಬಕೆಟ್ ಇಟ್ಟುಕೊಳ್ಳಿ. ನಮ್ಮ ಹಿತ್ತಿಲಿನಲ್ಲಿ ಗೊಬ್ಬರ ಮಾಡುವ ರಿಂಗ್ ಉಂಟು, ಎರಡು ದಿನಕ್ಕೊಮ್ಮೆ ತಂದು ಹಾಕಿ. ಗೇಟಿಗೆ ಬೀಗ ಇಲ್ಲ.

12ನೇ ಮನೆ: ಭಾನುವಾರ ನಮ್ಮಲ್ಲಿ ಮೊಮ್ಮಗಳ ನಾಮಕರಣ. ಅಡುಗೆಯವರಿಗೆ 200 ಎಲೆ ಅಂತ ಹೇಳಿಬಿಟ್ಟಿದ್ದೆ, ಸುಮ್ನೆ ಅಂದಾಜಿನಲ್ಲಿ. ಇವತ್ತೇ ಎಲ್ಲರಿಗೂ ಫೋನ್ ಮಾಡಿ ಬರುವವರ ಲೆಕ್ಕ ತೆಗೆಯುತ್ತೇನೆ. ಅನ್ನವನ್ನೂ ಒಂದೇ ಸಲ ಇಡುವುದು ಬೇಡ, ಮೊದಲ ಪಂಕ್ತಿ ಎದ್ದ ಮೇಲೆ ಇನ್ನೊಂದು ಹಂಡೆ ಇಡಲಿ.

3ನೇ ಮನೆ: ಹಾಗಾದರೂ ಉಳಿದರೆ ಊಟ ಮುಗಿದ ಕೂಡಲೇ ಹೇಳಿ. ಸಂಜೆವರೆಗೆ ಹೊರಗಿಟ್ಟರೆ ಹಾಳಾಗುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಜಾಗ ಉಂಟು.

7ನೇ ಮನೆ, ಟೀಚರ್: ನಾಳೆಯಿಂದ ಎಲ್ಲರೂ ಒಂದು ವಾರ ತೂಗಿ ನೋಡಿ, ಸಿಪ್ಪೆ ಬೇರೆ, ಉಳಿದ ಅಡುಗೆ ಬೇರೆ. ಶನಿವಾರ ಬೆಳಿಗ್ಗೆ 7ಕ್ಕೆ ಮೋರಿ ಹತ್ತಿರ ಸೇರೋಣ. ಗ್ಲೌಸ್ ನಾನು ತರುತ್ತೇನೆ.

9ನೇ ಮನೆ, ಅಜ್ಜ: ನನಗೆ ಬಗ್ಗಲಿಕ್ಕೆ ಆಗುವುದಿಲ್ಲ. ಎರಡು ಹಾರೆ, ಒಂದು ಬುಟ್ಟಿ ಉಂಟು. ಜಗಲಿಯಲ್ಲಿ ಇಟ್ಟಿರುತ್ತೇನೆ.

2ನೇ ಮನೆ, ಮಹಡಿ: ನಾವು ಮೂರು ಜನ ಬರುತ್ತೇವೆ ಟೀಚರ್.