'ಕಪ್ಪು', 'ಕರಿಯ', 'ಕಪ್ಪುವರ್ಣೀಯ': ಕೆರಿ ಜೇಮ್ಸ್ ಮಾರ್ಷಲ್ ಅವರ ಚಿತ್ರಗಳ ಬಗ್ಗೆ ಬರೆಯಲು ಸರಿಯಾದ ಪದ ಯಾವುದು?

ಮಾನ್ಯರೆ,

ಅಮೆರಿಕದ ಚಿತ್ರಕಾರ ಕೆರಿ ಜೇಮ್ಸ್ ಮಾರ್ಷಲ್ ಅವರ ದೊಡ್ಡ ಪ್ರದರ್ಶನವೊಂದು 2025ರ ಸೆಪ್ಟೆಂಬರ್ 20ರಿಂದ 2026ರ ಜನವರಿ 18ರವರೆಗೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಡೆಯಿತು. ಅವರ ಚಿತ್ರಗಳನ್ನು ಕನ್ನಡ ಓದುಗರಿಗೆ ಪರಿಚಯಿಸುವ ಒಂದು ಲೇಖನವನ್ನು ಬರೆಯುತ್ತಿದ್ದೇನೆ. ಲೇಖನದ ಮೊದಲ ವಾಕ್ಯದಲ್ಲೇ, ಅಂದರೆ ಮಾರ್ಷಲ್ ಅವರು ಯಾರ ಬದುಕನ್ನು, ಎಂಥ ಬದುಕನ್ನು ಚಿತ್ರಿಸುತ್ತಾರೆ ಎಂದು ಹೇಳಬೇಕಾದ ಜಾಗದಲ್ಲೇ, ಪದಗಳ ತೊಡಕು ಎದುರಾಗಿದೆ. ನನಗೆ ತೋಚಿದ್ದನ್ನು ಇಲ್ಲಿ ವಿವರವಾಗಿ ಬರೆದು ನಿಮ್ಮ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಾರ್ಷಲ್ ಅವರು 1955ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. 1963ರಲ್ಲಿ ಅವರ ಕುಟುಂಬ ಲಾಸ್ ಏಂಜಲೀಸಿಗೆ ಬಂದು ನೆಲೆಸಿತು. ಅಲ್ಲಿನ ಓಟಿಸ್ ಕಲಾಶಾಲೆಯಲ್ಲಿ ಚಾರ್ಲ್ಸ್ ವೈಟ್ ಎಂಬ ಹಿರಿಯ ಚಿತ್ರಕಾರರ ಬಳಿ ಕಲಿತ ಅವರು 1987ರಿಂದ ಶಿಕಾಗೋ ನಗರದಲ್ಲಿದ್ದಾರೆ. ಯುರೋಪಿನ ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ನೂರಾರು ವರ್ಷಗಳಿಂದ ತೂಗುಬಿದ್ದಿರುವ ಮಹಾಚಿತ್ರಗಳಲ್ಲಿ ತನ್ನಂಥವರು ಇಲ್ಲವೇ ಇಲ್ಲ, ಇದ್ದರೂ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತ ಆಳಾಗಿ ಮಾತ್ರ ಇದ್ದಾರೆ ಎಂಬ ಸತ್ಯವನ್ನು ಎದುರಿಗಿಟ್ಟುಕೊಂಡು, ಅಷ್ಟೇ ದೊಡ್ಡ ಅಳತೆಯಲ್ಲಿ, ಅಷ್ಟೇ ಕುಶಲತೆಯಿಂದ, ಕಪ್ಪು ಜನರನ್ನೇ ಚಿತ್ರಿಸುತ್ತಾ ಬಂದವರು ಅವರು. ಆ ಜನರ ಮೈಬಣ್ಣವನ್ನು ಅವರು ಕಂದಾಗಿ ಬರೆಯುವುದಿಲ್ಲ; ಕಡುಗಪ್ಪಾಗಿಯೇ ಬರೆಯುತ್ತಾರೆ.

ಈ ಕೊನೆಯ ಮಾತಿನಿಂದಲೇ ನನ್ನ ತೊಡಕು ಶುರುವಾಗುತ್ತದೆ. ಇಂಗ್ಲಿಷಿನ 'ಬ್ಲ್ಯಾಕ್' ಎಂಬ ಒಂದೇ ಪದ ಅವರ ಚಿತ್ರಗಳ ಮಟ್ಟಿಗೆ ಬಣ್ಣದ ಹೆಸರು, ಜನಸಮುದಾಯದ ಹೆಸರು, ಜೊತೆಗೆ ಆ ಜನ ತಾವೇ ಆರಿಸಿಕೊಂಡು ಹೆಮ್ಮೆಯಿಂದ ಹೇಳಿಕೊಂಡ ಹೆಸರು. ಈ ಮೂರನ್ನೂ ಹೊರಬಲ್ಲ ಕನ್ನಡ ಪದ ಬೇಕು.

ನಮ್ಮ ಪತ್ರಿಕೆಗಳು ದಶಕಗಳ ಕಾಲ 'ನೀಗ್ರೊ' ಎಂದು ಬರೆದವು. ಆ ಪದವನ್ನು ಆ ಜನರೇ ಕೈಬಿಟ್ಟಿರುವುದರಿಂದ ಅದರ ಚರ್ಚೆ ಬೇಕಿಲ್ಲ. 'ಆಫ್ರಿಕನ್ ಅಮೆರಿಕನ್' ಎಂಬುದು ಮಾರ್ಷಲ್ ಅವರ ಮಟ್ಟಿಗೆ ತಪ್ಪಲ್ಲ, ಆದರೆ ಅದನ್ನು ಬಳಸಿದ ಕೂಡಲೇ ಬಣ್ಣ ಮಾಯವಾಗುತ್ತದೆ. ಬಣ್ಣವೇ ವಿಷಯವಾಗಿರುವ ಕಡೆ ಇದು ಸಣ್ಣ ನಷ್ಟವಲ್ಲ. ಈಚೆಗೆ ಹೆಚ್ಚು ಕಾಣುವ 'ಕಪ್ಪುವರ್ಣೀಯ' ಎಂಬುದು ಅರಿಸಮಾಸ ಎಂದು ವ್ಯಾಕರಣ ಬಲ್ಲವರು ಆಕ್ಷೇಪಿಸಬಹುದು. ನನ್ನ ಆಕ್ಷೇಪ ಬೇರೆ. ಅದು ಅರ್ಜಿಯ ನಮೂನೆಯಲ್ಲಿ ತುಂಬಬೇಕಾದ ಕಾಲಮ್ಮಿನ ಹಾಗೆ ಕೇಳಿಸುತ್ತದೆ, ಯಾರೂ ತನ್ನನ್ನು ತಾನು ಹಾಗೆ ಕರೆದುಕೊಳ್ಳಲಾರರು. ಮೇಲಾಗಿ 'ವರ್ಣ' ಎಂದೊಡನೆ ನಮ್ಮಲ್ಲಿ ಚಾತುರ್ವರ್ಣ್ಯದ ನೆನಪು ಬರುತ್ತದೆ, ಇಲ್ಲಿಗೆ ಅದು ಬೇಡ.

ಇನ್ನುಳಿದದ್ದು 'ಕರಿಯ'. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. 'ಬಿಳಿಯರು' ಎಂಬುದಕ್ಕೆ ಸರಿಜೋಡಿಯಾಗಿ 'ಕರಿಯರು' ಎಂಬುದು ಅಚ್ಚಗನ್ನಡದ ಪದ. ದಕ್ಷಿಣ ಆಫ್ರಿಕದ ಹೋರಾಟದ ಬಗ್ಗೆ ಬರೆದವರು ಅದನ್ನು ಗೌರವದಿಂದಲೇ ಬಳಸಿದ್ದಾರೆ. ಕರಿಯಮ್ಮ ನಮ್ಮ ಊರುಗಳ ದೇವತೆ. ಕರಿಯಪ್ಪ, ಕರಿಬಸಪ್ಪ, ಕರಿಗೌಡ ಎಂಬ ಹೆಸರುಗಳಲ್ಲಿ ಕೀಳರಿಮೆಯ ಸುಳಿವೂ ಇಲ್ಲ. ಹೀಗಿದ್ದರೂ 'ಏ ಕರಿಯ' ಎಂದು ಏಕವಚನದಲ್ಲಿ ಕೂಗಿದಾಗ ಅದು ಚುಚ್ಚುಮಾತಾಗುತ್ತದೆ, ಶಾಲೆಯ ಅಂಗಳದಲ್ಲಿ ಅದನ್ನು ಕೇಳಿ ಕುಗ್ಗಿದ ಮಕ್ಕಳು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ವ್ಯಾಕರಣದ ತೊಂದರೆಯೂ ಒಂದಿದೆ. 'ಕರಿಯ' ಪುಲ್ಲಿಂಗ. 'ಕರಿಯಳು' ಎಂಬ ರೂಪ ಬಳಕೆಯಲ್ಲಿ ನಿಲ್ಲುವುದಿಲ್ಲ. ಮಾರ್ಷಲ್ ಅವರ ಚಿತ್ರಗಳಲ್ಲಿ ಹೆಂಗಸರಿಗೆ ದೊಡ್ಡ ಪಾತ್ರವಿದೆ, ಅವರನ್ನು ಹೇಗೆ ಕರೆಯುವುದು?

ಹೆಸರನ್ನು ಇಟ್ಟವರು ಯಾರು ಎಂಬ ಪ್ರಶ್ನೆಗೆ ಕನ್ನಡದ ಓದುಗರು ಹೊಸಬರಲ್ಲ. 'ಹರಿಜನ' ಎಂಬುದು ಬೇರೆಯವರು ಕೊಟ್ಟ ಹೆಸರು, 'ದಲಿತ' ಎಂಬುದು ತಾವೇ ಎತ್ತಿಕೊಂಡ ಹೆಸರು ಎಂಬ ಭೇದ ನಮಗೆ ಗೊತ್ತಿದೆ. ದಲಿತರ ಮತ್ತು ಅಮೆರಿಕದ ಕಪ್ಪು ಜನರ ಚರಿತ್ರೆಗಳ ನಡುವೆ ನೇರವಾದ ಕೊಂಡಿಯೂ ಇದೆ: 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ತನ್ನ ಹೆಸರನ್ನು ಪಡೆದದ್ದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಆ ಪಕ್ಷದ ಲಾಸ್ ಏಂಜಲೀಸ್ ಕಚೇರಿಯ ಆಸುಪಾಸಿನಲ್ಲೇ ಬೆಳೆದವರು ಮಾರ್ಷಲ್. 2020ರ ಜೂನ್ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಜನರನ್ನು ಸೂಚಿಸುವಾಗ 'ಬ್ಲ್ಯಾಕ್' ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುವ ನಿಯಮ ಮಾಡಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲದ ಕಾರಣ ಆ ಗೌರವವನ್ನು ಪದದ ಆಯ್ಕೆಯಲ್ಲೇ ತೋರಿಸಬೇಕಾಗುತ್ತದೆ.

ಸದ್ಯಕ್ಕೆ ನಾನು 'ಕಪ್ಪು ಜನ' ಎಂಬುದಕ್ಕೆ ಒಲಿದಿದ್ದೇನೆ. ಲಿಂಗದ ತೊಡಕಿಲ್ಲ, 'ಕಪ್ಪು ಹೆಂಗಸು', 'ಕಪ್ಪು ಹುಡುಗ' ಎಂದು ಸಲೀಸಾಗಿ ಹೇಳಬಹುದು, ಬಣ್ಣವೂ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. 'ಕಪ್ಪು'ವನ್ನು ಜನವಾಚಿಯಲ್ಲದ ನಾಮಪದದ ಹಿಂದೆ ಇಟ್ಟರೆ ಅರ್ಥ ಜಾರುತ್ತದೆ. 'ಕಪ್ಪು ಬದುಕು' ಎಂದರೆ ಕತ್ತಲು ಕವಿದ ಬದುಕು ಎಂದಾಗುತ್ತದೆ, 'ಕಪ್ಪು ಇತಿಹಾಸ' ಎಂದರೆ ನಾಚಿಕೆಗೇಡಿನ ಇತಿಹಾಸ ಎಂದಾಗುತ್ತದೆ. ಕಪ್ಪುಹಣ, ಕಪ್ಪುಪಟ್ಟಿ, ಕಪ್ಪುಚುಕ್ಕೆಗಳ ಸಹವಾಸದಲ್ಲಿ ವಿಶೇಷಣವಾಗಿ ಆ ಪದ ಕೆಟ್ಟಿದೆ. ಆದ್ದರಿಂದ ಪ್ರತಿ ಬಾರಿಯೂ 'ಕಪ್ಪು ಜನರ ಬದುಕು', 'ಕಪ್ಪು ಜನರ ಇತಿಹಾಸ' ಎಂದು ಬಿಡಿಸಿ ಬರೆಯುವುದೇ ಸರಿ ಎಂದು ನನಗನಿಸುತ್ತದೆ.

ಬಣ್ಣಗಳ ಹೆಸರಿನ ವಿಷಯದಲ್ಲಿ ಮಾತ್ರ ಕನ್ನಡ ನನ್ನನ್ನು ಕೈಬಿಡಲಿಲ್ಲ, ಅದನ್ನು ಸಂತೋಷದಿಂದ ಹಂಚಿಕೊಳ್ಳುತ್ತೇನೆ. ಮಾರ್ಷಲ್ ಅವರು ಒಂದೇ ಕಪ್ಪನ್ನು ಬಳಿಯುವುದಿಲ್ಲ. ಮುಖ್ಯವಾಗಿ ಮೂರು ಕಪ್ಪುಗಳು ಅವರ ಬಳಿ ಇವೆ: ಹಿಂದೆ ಆನೆಯ ದಂತವನ್ನೂ ಈಗ ಮೂಳೆಯನ್ನೂ ಸುಟ್ಟು ಮಾಡುವ ಕಪ್ಪು, ಮಸಿಯಿಂದ ಮಾಡುವ ಇಂಗಾಲದ ಕಪ್ಪು, ಕಬ್ಬಿಣದ ಆಕ್ಸೈಡಿನಿಂದ ಬರುವ ಕಪ್ಪು. ಇವುಗಳಿಗೆ ನೀಲಿ, ಹಸಿರು, ಮಣ್ಣಿನ ಬಣ್ಣಗಳನ್ನು ಬೆರೆಸಿ ಒಂದನ್ನು ತಣ್ಣಗೆ, ಇನ್ನೊಂದನ್ನು ಬೆಚ್ಚಗೆ ಮಾಡಿ, ಕಪ್ಪಿನ ಮೇಲೆ ಕಪ್ಪನ್ನಿಟ್ಟು ಮುಖದ ಉಬ್ಬುತಗ್ಗುಗಳನ್ನು ಮೂಡಿಸುತ್ತಾರೆ. ನಮ್ಮಲ್ಲಿ ಮೈಬಣ್ಣ ಹೇಳುವಾಗ 'ಎಣ್ಣೆಗಪ್ಪು', 'ಸಾದಗಪ್ಪು' ಎನ್ನುತ್ತೇವಲ್ಲ, ಅದೇ ಜಾಡಿನಲ್ಲಿ, ಅದೇ ಆದೇಶಸಂಧಿಯಲ್ಲಿ, 'ಮೂಳೆಗಪ್ಪು', 'ಮಸಿಗಪ್ಪು', 'ಕಬ್ಬಿಣಗಪ್ಪು' ಎಂದು ಹೇಳಬಹುದಲ್ಲವೆ? ಚಿತ್ರಕಲೆಯ ಶಾಲೆಗಳಲ್ಲಿ ಕಲಿಸಿದವರು, ಸಾಂಪ್ರದಾಯಿಕ ಚಿತ್ರಕಾರರ ಒಡನಾಟ ಇದ್ದವರು ಇವಕ್ಕೆ ಮೊದಲೇ ಬಳಕೆಯಲ್ಲಿರುವ ಹೆಸರುಗಳಿದ್ದರೆ ದಯವಿಟ್ಟು ತಿಳಿಸಬೇಕು. ಇರುವ ಪದವನ್ನು ಬಿಟ್ಟು ಹೊಸದನ್ನು ಕಟ್ಟುವ ಆಸೆ ನನಗಿಲ್ಲ.

ಎರಡನೆಯ ತೊಡಕು 'ದಿನನಿತ್ಯದ ಬದುಕು' ಎಂಬುದು. ಯುರೋಪಿನ ಕಲಾಶಾಲೆಗಳು ಚಿತ್ರಗಳಿಗೆ ಮೇಲುಕೀಳಿನ ಶ್ರೇಣಿ ಕಟ್ಟಿದ್ದವು; ಪುರಾಣ, ಧರ್ಮ, ಯುದ್ಧ ಮತ್ತು ರಾಜರ ಕಥೆ ಹೇಳುವ ಚಿತ್ರ ಎಲ್ಲಕ್ಕಿಂತ ಮೇಲೆ, ಮನೆ ಬೀದಿಗಳ ಬದುಕನ್ನು ತೋರಿಸುವ ಚಿತ್ರ ಅದಕ್ಕಿಂತ ಬಹಳ ಕೆಳಗೆ. ಮಾರ್ಷಲ್ ಅವರು ಕೂದಲು ಕತ್ತರಿಸುವ ಅಂಗಡಿಯನ್ನೂ ಹಿತ್ತಿಲನ್ನೂ ಕೆರೆದಂಡೆಯ ಊಟವನ್ನೂ ಮೇಲಿನ ಶ್ರೇಣಿಯ ಗಾತ್ರ ಗಾಂಭೀರ್ಯಗಳಲ್ಲಿ ಬರೆದರು. 1768ರಲ್ಲಿ ಸ್ಥಾಪನೆಯಾದ, ಆ ಶ್ರೇಣಿಯನ್ನು ಎತ್ತಿಹಿಡಿದ ಸಂಸ್ಥೆಗಳಲ್ಲೊಂದಾದ ರಾಯಲ್ ಅಕಾಡೆಮಿಯಲ್ಲೇ 'ದ ಹಿಸ್ಟರೀಸ್' ಎಂಬ ಹೆಸರಿನಲ್ಲಿ ಅವರ ಪ್ರದರ್ಶನ ನಡೆದದ್ದರ ತೂಕ ಇರುವುದು ಇಲ್ಲಿ. 'ಸಾಮಾನ್ಯ ಜನರ ಬದುಕು' ಎಂದು ಬರೆದರೆ ಈ ತೂಕ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕನ್ನಡದಲ್ಲಿ 'ಜನಸಾಮಾನ್ಯರ ಬದುಕು' ಎಂದ ಬೆನ್ನಿಗೇ 'ಬವಣೆ' ಎಂಬ ಪದ ತಾನಾಗಿ ಬಂದುಬಿಡುತ್ತದೆ. ಮಾರ್ಷಲ್ ಅವರ ಜನ ಬವಣೆಯ ಗುರುತುಗಳಾಗಿ ನಿಂತವರಲ್ಲ, ಕುಣಿಯುತ್ತಾರೆ, ಪ್ರೀತಿಸುತ್ತಾರೆ, ಕೂದಲು ಕಟ್ಟಿಸಿಕೊಳ್ಳುತ್ತಾರೆ, ಚಿತ್ರ ಬರೆಯುತ್ತಾರೆ. 'ದೈನಂದಿನ' ಎಂಬುದು ಕಚೇರಿಯ ವರದಿಗೆ ಸರಿ. 'ನಿತ್ಯದ ಬಾಳು' ಹೇಗೆ? 'ಬಾಳು' ಪದದಲ್ಲಿ ಚೆನ್ನಾಗಿ ಬದುಕುವುದರ ಧ್ವನಿ ಇದೆ ಎಂದು ನನ್ನ ಅನಿಸಿಕೆ, 'ಬಾಳಿ ಬದುಕಿದ' ಎನ್ನುವಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ಕೂದಲಿನ ಅಂಗಡಿಯದು ಬೇರೆಯೇ ಪ್ರಶ್ನೆ. 1993ರ 'ಡಿ ಸ್ಟೈಲ್' ಎಂಬ ಚಿತ್ರ ಲಾಸ್ ಏಂಜಲೀಸಿನ ಕೌಂಟಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕುಳಿತ ಗಿರಾಕಿಯ ಹಿಂದೆ ನಿಂತ ಕುಶಲಕರ್ಮಿಯ ತಲೆಯ ಸುತ್ತ ಸಂತರಿಗಿರುವಂಥ ಪ್ರಭೆ ಇದೆ, ಎತ್ತಿದ ಕೈ ಹರಸುವಂತಿದೆ. ಸುತ್ತಲಿನವರ ಕೂದಲು ಗೋಪುರದಂತೆ ಮೇಲೇರಿದೆ. ಇದನ್ನು 'ಕ್ಷೌರದಂಗಡಿ' ಎನ್ನಲು ನನಗೆ ಮನಸ್ಸಾಗುತ್ತಿಲ್ಲ. ಕ್ಷೌರವೆಂದರೆ ತೆಗೆಯುವುದು, ಇಲ್ಲಿ ನಡೆದಿರುವುದು ಕಟ್ಟುವ ಕೆಲಸ. 'ಕ್ಷೌರಿಕ' ಎಂದರೆ ನಮ್ಮ ಓದುಗರು ಒಂದು ಜಾತಿಯನ್ನೂ ಆ ಕಸುಬಿಗೆ ಸಮಾಜ ಮಾಡಿರುವ ಅವಮಾನವನ್ನೂ ನೆನೆಯುತ್ತಾರೆ. ಆ ಚಿತ್ರದ ಲೋಕದಲ್ಲಿ ಆ ಅಂಗಡಿ ಕಪ್ಪು ಜನ ತಮ್ಮವರೊಡನೆ ನಿರಾಳವಾಗಿ ಕೂತು ಮಾತಾಡುವ ತಾಣ. ಬೀದಿಯಲ್ಲಿ ಎಲ್ಲರೂ ಹೇಳುವ 'ಸೆಲೂನ್' ಎಂಬುದನ್ನೇ ಉಳಿಸಿಕೊಳ್ಳಲು ನಿಶ್ಚಯಿಸಿದ್ದೇನೆ. ಚಿತ್ರದ ಹೆಸರನ್ನು ಅನುವಾದಿಸುವುದಿಲ್ಲ: 1917ರಲ್ಲಿ ಹಾಲೆಂಡಿನಲ್ಲಿ ಆರಂಭವಾದ 'ಡೆ ಸ್ಟೈಲ್' ಎಂಬ ಕಲಾಚಳವಳಿಯ ಹೆಸರು, ಇಂಗ್ಲಿಷಿನ 'ದ ಸ್ಟೈಲ್' ಎಂಬುದಕ್ಕೆ ಕಪ್ಪು ಜನರ ಆಡುಮಾತಿನ ಉಚ್ಚಾರ, ಎರಡೂ ಅದರಲ್ಲಿ ಕೂಡಿಕೊಂಡಿವೆ. ಅದನ್ನು ವಿವರಿಸಬಹುದೇ ಹೊರತು ಕನ್ನಡಕ್ಕೆ ತರಲಾಗದು.

1997ರ 'ಪಾಸ್ಟ್ ಟೈಮ್ಸ್' ಎಂಬ ಚಿತ್ರದ ಹೆಸರು ಮಾತ್ರ ಕನ್ನಡಕ್ಕೆ ಬರುತ್ತದೆ ಎಂಬ ಭರವಸೆ ನನಗಿದೆ. ಒಂಬತ್ತೂವರೆ ಅಡಿ ಎತ್ತರ, ಹದಿಮೂರು ಅಡಿ ಅಗಲದ ಈ ಚಿತ್ರ 2018ರ ಹರಾಜಿನಲ್ಲಿ 2 ಕೋಟಿ 10 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಗಿ ಸುದ್ದಿಯಾಗಿತ್ತು. ಬಿಳಿಯ ಉಡುಪು ತೊಟ್ಟ ಕಪ್ಪು ಕುಟುಂಬವೊಂದು ನೀರಿನ ದಂಡೆಯ ಹುಲ್ಲಿನ ಮೇಲೆ ಆಡುತ್ತಾ, ಹಾಡು ಕೇಳುತ್ತಾ, ಬಿಡುವಿನ ಹೊತ್ತನ್ನು ಸವಿಯುತ್ತಿರುವ ದೃಶ್ಯ ಅದರದು. ಇಂಗ್ಲಿಷಿನಲ್ಲಿ ಆ ಹೆಸರಿನ ಅರ್ಥ ಗತಕಾಲವೂ ಹೌದು, ಮನರಂಜನೆಯೂ ಹೌದು. 'ಕಳೆದ ಹೊತ್ತು' ಎಂದರೆ ಹೇಗೆ? ಹೊತ್ತು ಕಳೆಯುವುದು ಎಂದರೆ ಆಟಪಾಟ; ಕಳೆದ ಹೊತ್ತು ಎಂದರೆ ಮುಗಿದ ಕಾಲ; ಕಳೆದುಹೋದದ್ದು ಎಂಬ ಸಣ್ಣ ನೋವೂ ಅದರೊಳಗೆ ಇದೆ. ಮೂಲದಲ್ಲಿಲ್ಲದ ಆ ನೋವು ಅಧಿಕಪ್ರಸಂಗವಾಗುತ್ತದೆ ಎಂದು ನಿಮಗೆ ತೋರಿದರೆ ಹೇಳಿ, ಬಿಡುತ್ತೇನೆ.

ಇನ್ನು 2016ರಲ್ಲಿ ಶಿಕಾಗೋದ ಸಮಕಾಲೀನ ಕಲಾ ವಸ್ತುಸಂಗ್ರಹಾಲಯದಲ್ಲಿ ಆರಂಭವಾಗಿ, ನ್ಯೂಯಾರ್ಕಿನ ಮೆಟ್ ಬ್ರಾಯರ್ ಕಲಾ ವಸ್ತುಸಂಗ್ರಹಾಲಯದ ಮೂಲಕ 2017ರಲ್ಲಿ ಲಾಸ್ ಏಂಜಲೀಸ್ ತಲುಪಿದ ಅವರ ಹಿಂದಿನ ಪ್ರದರ್ಶನದ ಹೆಸರು, 'ಮ್ಯಾಸ್ಟ್ರಿ'. ಕಲೆ ಕರಗತವಾಗಿರುವುದು, ಹಳೆಯ ಮಹಾಚಿತ್ರಕಾರರ ಪಟ್ಟ, ಗುಲಾಮರ ಒಡೆಯನ ಒಡೆತನ, ಈ ಮೂರೂ ಆ ಪದದಲ್ಲಿವೆ. ಜೊತೆಗೆ ಇಂಗ್ಲಿಷಿನ 'ಮಾಸ್ಟರಿ' ಪದದ ಕಾಗುಣಿತದಲ್ಲಿ ಬೇಕೆಂದೇ ಒಂದು ಅಕ್ಷರ ಬಿಟ್ಟಿದ್ದಾರೆ. 'ಪರಿಣತಿ', 'ನೈಪುಣ್ಯ', 'ಸಿದ್ಧಿ' ಮೊದಲನೆಯದನ್ನು ಮಾತ್ರ ಹೇಳುತ್ತವೆ. 'ಒಡೆತನ' ಕೊನೆಯದನ್ನು ಮಾತ್ರ. 'ಭಾಷೆಯ ಮೇಲೆ ಪ್ರಭುತ್ವ' ಎನ್ನುವಾಗ ಕೌಶಲವನ್ನೂ, ಬಿಡಿಯಾಗಿ ಹೇಳಿದಾಗ ಆಳ್ವಿಕೆಯನ್ನೂ ಸೂಚಿಸುವ 'ಪ್ರಭುತ್ವ' ಎಂಬ ಪದ ನನಗೆ ಹತ್ತಿರವೆನಿಸಿದೆ. ಈಗಿನ ವೈಚಾರಿಕ ಬರಹಗಳಲ್ಲಿ ಅದು ಸರ್ಕಾರದ ಅಧಿಕಾರ ಎಂಬ ಅರ್ಥಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ಚಿತ್ರಪ್ರದರ್ಶನದ ಹೆಸರಾಗಿ ಕಂಡಾಗ ಓದುಗರು ದಾರಿ ತಪ್ಪುತ್ತಾರೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಬಿಟ್ಟ ಆ ಒಂದು ಅಕ್ಷರದ ಕೆಲಸವನ್ನು ಕನ್ನಡದ ಒತ್ತಕ್ಷರದಿಂದ ಮಾಡಿಸುವ ಉಪಾಯ ಯಾರಿಗಾದರೂ ಹೊಳೆದರೆ ಅದನ್ನೂ ಬರೆಯಿರಿ.