ಅಳಿಯಾ, ಆ ದೊಡ್ಡ ರೀಲ್ ಸದ್ಯಕ್ಕೆ ಬೇಡ

ಅಳಿಯಾ, ನಿನ್ನೆ ರಾತ್ರಿ ಗ್ರೂಪಿನಲ್ಲಿ ಪುಕ್ಕದ ಹುಸಿಹುಳ ಕಟ್ಟಿ ಮೀನು ಹಿಡಿಯುವ ಗಾಳಕ್ಕೆ ಹಾಕುವ ಎರಡು ಫ್ಲೈ ರೀಲ್‌ಗಳ ಫೋಟೊ ಹಾಕಿ, "ಮಾಮಾ, ಇದರಲ್ಲಿ ಯಾವುದು ತಗೊಳ್ಳಲಿ" ಅಂತ ಕೇಳಿದ್ದೆ. ಒಂದು 4,500 ರೂಪಾಯಿಯದು, ಇನ್ನೊಂದು 18,000ದ್ದು. ಅದರ ಕೆಳಗೇ ಭಾವ ಬರೆದಿದ್ದಾರೆ, ಆ ದುಡ್ಡಿಗೆ ನಮ್ಮ ಮುನಿರಾಬಾದ್‌ನಲ್ಲಿ ವರ್ಷವಿಡೀ ಮೀನು ತಿನ್ನಬಹುದು ಅಂತ. ಭಾವ, ನಿಮ್ಮ ಲೆಕ್ಕ ಸರಿಯೇ ಇದೆ. ಆದರೆ ಹುಡುಗ ಕೇಳಿದ್ದು ಮೀನಿನ ರೇಟಲ್ಲ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಕೇಳಿ.

ಮೊದಲೇ ಹೇಳಿಬಿಡುತ್ತೇನೆ, 18,000ದ್ದು ಬೇಡ. ಕೆಟ್ಟ ಮಾಲು ಅಂತಲ್ಲ. ನಿನ್ನ ಕೈಯಲ್ಲಿರುವ ಗಾಳದ ರಾಡ್‌ಗೆ ಅದು ಹೊಂದುವುದಿಲ್ಲ. ರಾಡ್ 9 ಅಡಿ, 5 ನಂಬರ್ ಅಂದೆಯಲ್ಲ. ಫೋಟೊ ದೊಡ್ಡದು ಮಾಡಿ ನೋಡು, ಆ ರೀಲ್ ಮೇಲೆ 7/8 ಅಂತ ಬರೆದಿದೆ. ನಂಬರ್ ಅಂದರೆ ಲೈನಿನ, ಅಂದರೆ ಬೀಸುವ ದಾರದ, ತೂಕದ ಲೆಕ್ಕ. 7 ಇಲ್ಲವೇ 8 ನಂಬರಿನ ಲೈನಿಗೆ ಮಾಡಿದ ರೀಲು ಅದು. ನಿನ್ನ ರಾಡಿಗೆ ಬೇಕಾದದ್ದು 5/6. ದೊಡ್ಡದು ಹಾಕಿದರೆ ಏನಾಗುತ್ತದೆ ಅಂತ ಕೇಳಬಹುದು. ಹಿಂಭಾರ ಆಗುತ್ತದೆ. ರಾಡಿನ ಹಿಡಿಯ ಮುಂಭಾಗಕ್ಕೆ, ಕಾರ್ಕ್ ಮುಗಿಯುವಲ್ಲಿಗೆ, ಒಂದು ಬೆರಳು ಕೊಟ್ಟು ಎತ್ತಿದರೆ ರಾಡ್ ಹೆಚ್ಚೂಕಡಿಮೆ ಸಮ ನಿಲ್ಲಬೇಕು. ರೀಲ್ ಕಡೆಗೆ ಧೊಪ್ಪನೆ ಬಿದ್ದರೆ ಸಂಜೆ ಹೊತ್ತಿಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ತೋರಣಗಲ್ಲಿನಲ್ಲಿ ಆರು ದಿನ ದುಡಿದು ಭಾನುವಾರ ಹೋಗಿ ಕೈ ನೋಯಿಸಿಕೊಂಡು ಬರುವುದಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ಸಿಂಧನೂರಿನ ತಮ್ಮ ಒಂದು ಪ್ರಶ್ನೆ ಹಾಕಿದ್ದಾನೆ. ಮನೆಯಲ್ಲಿ ಸ್ಪಿನ್ನಿಂಗ್ ರೀಲ್ ಇದೆಯಲ್ಲ, ಅದನ್ನೇ ಹಾಕಿದರಾಗಲ್ವಾ ಅಂತ. ಆಗಲ್ಲಪ್ಪಾ. ಅದರಲ್ಲಿ ತೂಕ ಇರುವುದು ದಾರದ ತುದಿಯಲ್ಲಿ. ಸೀಸದ ಗುಂಡೋ, ಚಮಚೆಯಂಥ ತಗಡಿನ ಹುಸಿಮೀನೋ ಹಾರಿ ಹೋಗುತ್ತದೆ, ಹಿಂದೆ ದಾರ ಓಡುತ್ತದೆ. ಫ್ಲೈಗೆ ತೂಕವೇ ಇಲ್ಲ, ಕೊಕ್ಕೆಗೆ ಸುತ್ತಿದ ನಾಲ್ಕು ಪುಕ್ಕ ಅಷ್ಟೆ. ಇಲ್ಲಿ ತೂಕ ಇರುವುದು ಲೈನಿನಲ್ಲೇ. 5 ನಂಬರ್ ಲೈನ್ ಅಂದರೆ ಅದರ ಮೊದಲ 30 ಅಡಿ ಸುಮಾರು 140 ಗ್ರೇನ್ ತೂಗುತ್ತದೆ, ನಮ್ಮ ಲೆಕ್ಕದಲ್ಲಿ 9 ಗ್ರಾಂ. 8 ನಂಬರ್ ಆದರೆ 210 ಗ್ರೇನ್, ಹದಿಮೂರುವರೆ ಗ್ರಾಂ. ಆ ಲೈನನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸುತ್ತೇವೆ, ಫ್ಲೈ ಅದರ ಜೊತೆ ಹೋಗಿ ಬೀಳುತ್ತದೆ. ಬೀಸುವಾಗ ರೀಲಿಗೆ ಕೆಲಸವೇ ಇಲ್ಲ. ಬೇಕಾದಷ್ಟು ಲೈನನ್ನು ಮೊದಲೇ ಕೈಯಿಂದ ಎಳೆದು ಕಾಲಬಳಿ ಬಿಟ್ಟುಕೊಂಡಿರುತ್ತೇವೆ. ವಾಪಸ್ ಎಳೆಯುವುದೂ ಬಹಳಷ್ಟು ಸಲ ಕೈಯಿಂದಲೇ.

ಅಂದರೆ ಸಣ್ಣ ಮೀನಿಗೆ ರೀಲ್ ಬರೀ ಲೈನ್ ಸುತ್ತಿಡುವ ಡಬ್ಬಿ. ಗೇರಿಲ್ಲ, ಏನಿಲ್ಲ. ಹಿಡಿ ಒಂದು ಸುತ್ತು ತಿರುಗಿಸಿದರೆ ಸ್ಪೂಲೂ, ಅಂದರೆ ಲೈನ್ ಸುತ್ತಿಕೊಳ್ಳುವ ಉರುಳೆಯೂ, ಒಂದೇ ಸುತ್ತು. 1874ರಲ್ಲಿ ಅಮೆರಿಕದ ಚಾರ್ಲ್ಸ್ ಆರ್ವಿಸ್ ಪೇಟೆಂಟ್ ಮಾಡಿಸಿದ ರೀಲಿನ ಚಿತ್ರ ಹುಡುಕಿ ನೋಡು. ಕಿರಿದಾದ ಸ್ಪೂಲು, ಮೈತುಂಬ ತೂತು. ತೂತು ಯಾಕೆಂದರೆ ಆಗಿನ ರೇಷ್ಮೆ ಲೈನು ಒಣಗಬೇಕಿತ್ತು, ಭಾರವೂ ಕಡಿಮೆಯಾಗಬೇಕಿತ್ತು. ಈಗಿನ ರೀಲ್ ಪಕ್ಕದಲ್ಲಿಟ್ಟರೆ ಅಣ್ಣತಮ್ಮ ಅಂತ ಗುರುತು ಸಿಗುತ್ತದೆ. ಅಷ್ಟು ಸರಳ ಸಾಮಾನಿಗೆ ಈಗ ಕಾರಿನ ಜಾಹೀರಾತಿನಂತೆ ಬರೆಯುತ್ತಾರೆ.

ಈಗ ಡ್ರ್ಯಾಗ್ ವಿಷಯ. ನೀನು ಆ ದುಬಾರಿ ರೀಲಿಗೆ ಮನಸೋತಿದ್ದು ಇದಕ್ಕೇ ಅಂತ ಗೊತ್ತಾಯಿತು, "20 ಪೌಂಡ್ ಡ್ರ್ಯಾಗ್ ಮಾಮಾ" ಅಂತ ಎರಡು ಸಲ ಬರೆದಿದ್ದೀಯ. ಡ್ರ್ಯಾಗ್ ಅಂದರೆ ಮೀನು ಓಡುವಾಗ ಸ್ಪೂಲಿಗೆ ಹಾಕುವ ಬ್ರೇಕು. ಸರಿ, ನೀನು ಕಟ್ಟುವುದು 5ಎಕ್ಸ್ ಟಿಪ್ಪೆಟ್, ಲೈನಿನ ತುದಿಯಲ್ಲಿ ಫ್ಲೈ ಕಟ್ಟುವ 0.15 ಮಿಲಿಮೀಟರ್ ದಪ್ಪದ ಎಳೆ. ಅದು 5 ಪೌಂಡ್ ಆಸುಪಾಸಿನಲ್ಲೇ ಪಟ್ಟಂತ ಹೋಗುತ್ತದೆ. 20 ಪೌಂಡ್ ಬ್ರೇಕ್ ಇಟ್ಟುಕೊಂಡು ಏನು ಮಾಡುತ್ತೀ? ನೀನು ನೋಡಬೇಕಾದದ್ದು ಬೇರೆ. ನಿಂತಿದ್ದ ಸ್ಪೂಲು ತಿರುಗಲು ಶುರು ಮಾಡುವ ಆ ಮೊದಲ ಕ್ಷಣದಲ್ಲಿ ಜಗ್ಗುತ್ತದಾ, ಇಲ್ಲಾ ನಯವಾಗಿ ಬಿಡುತ್ತದಾ ಅಂತ. ತೆಳು ಎಳೆ ತುಂಡಾಗುವುದೇ ಅಲ್ಲಿ. ರೀಲ್ ಕೈಗೆ ಬಂದ ಮೇಲೆ ಲೈನ್ ಸುತ್ತಿ, ರಾಡಿಗೆ ಪೋಣಿಸಿ, ತುದಿಯನ್ನು ನಿನ್ನ ತಂಗಿಯ ಕೈಗೆ ಕೊಡು. ಅಂಗಳದಲ್ಲಿ ಒಮ್ಮೆ ನಿಧಾನ ನಡೆಯಲಿ, ಒಮ್ಮೆ ಓಡಲಿ. ರಾಡಿನ ತುದಿ ಒಂದೇ ಸಮ ಬಾಗಿ ನಿಂತರೆ ರೀಲ್ ಒಳ್ಳೆಯದು. ತುದಿ ಟಕಟಕ ಕುಣಿದರೆ ಪ್ಯಾಕ್ ಮಾಡಿ ವಾಪಸ್ ಕಳಿಸು. ಅವಳಿಗೂ ಮಜಾ ಬರುತ್ತದೆ.

ಹಳೇ ಥರದ ಕ್ಲಿಕ್ ರೀಲ್‌ಗಳೂ ಇವೆ, ಹಲ್ಲಿಗೆ ಒಂದು ಸಣ್ಣ ನಾಲಿಗೆ ತಾಗಿ ಕಿರ್ರ್ ಅನ್ನುವಂಥವು. ತಣ್ಣೀರಿನ ಟ್ರೌಟ್ ಮೀನಿಗೆ ಅದೂ ಸಾಕು. ನನಗಂತೂ ಆ ಸದ್ದು ಇಷ್ಟ. ಆದರೆ ಹೊಸಬನಿಗೆ ಒಳಗಿನ ಬಿಲ್ಲೆ ಒತ್ತಿ ಬ್ರೇಕ್ ಹಾಕುವ ಡಿಸ್ಕ್ ಡ್ರ್ಯಾಗ್ ಸುಲಭ, ಗುಂಡಿ ತಿರುಗಿಸಿದರೆ ಆಯಿತು.

ಇನ್ನೊಂದು ಮಾತು, ಇದನ್ನು ಹೊರಗಿನವರು ಯಾರೂ ನಿನಗೆ ಹೇಳಲಿಕ್ಕಿಲ್ಲ. ನಮ್ಮ ಕಡೆ ಧೂಳು. ತುಂಗಭದ್ರಾ ಡ್ಯಾಮಿನ ಹಿನ್ನೀರು ಇಳಿದ ಮೇಲೆ ದಂಡೆಯ ಎರೆಮಣ್ಣು ಒಣಗಿ ಹಿಟ್ಟಾಗಿರುತ್ತದೆ. ಗಾಳಿ ಬೀಸಿದರೆ ರೀಲಿನ ಒಳಗೆಲ್ಲ ಅದೇ. ಆನೆಗೊಂದಿ, ಸಾಣಾಪುರದ ಕಡೆ ಹೋದರೆ ಮಣ್ಣಿಗಿಂತ ಮರಳು ಜಾಸ್ತಿ, ಜೊತೆಗೆ ಎಲ್ಲಿ ನೋಡಿದರೂ ಬಂಡೆ. ಅದಕ್ಕೆ ಡ್ರ್ಯಾಗ್ ಮುಚ್ಚಿದ್ದಾ, ತೆರೆದದ್ದಾ ಅಂತ ಕೇಳು. ಸಮುದ್ರದ ಉಪ್ಪಿಗೆ ಅಂತ ಮಾಡಿದ ಸೀಲ್ಡ್ ಡ್ರ್ಯಾಗ್ ನಮ್ಮ ಧೂಳಿಗೂ ಆಗುತ್ತದೆ. ತೆರೆದದ್ದಾದರೆ ಸ್ಪೂಲ್ ಬಿಚ್ಚಿ ಆಗಾಗ ಒರೆಸುತ್ತಿರಬೇಕು. ಕೆಸರಾದರೆ ಬಕೆಟ್ ನೀರಿನಲ್ಲಿ ಅದ್ದಿ ತೊಳೆ. ಪೈಪ್ ಹಿಡಿದು ಜೋರಾಗಿ ನೀರು ಬಿಡಬೇಡ, ಮರಳು ಇನ್ನೂ ಒಳಗೆ ಹೋಗಿ ಕೂರುತ್ತದೆ. ಭಾವ, ನಿಮಗೂ ಒಂದು ಮಾತು, ಹೊಲಿಗೆ ಯಂತ್ರದಿಂದ ಹಿಡಿದು ಬೀಗದವರೆಗೆ ನೀವು ಕೊಬ್ಬರಿ ಎಣ್ಣೆ ಬಿಡುತ್ತೀರಿ. ಇದಕ್ಕೆ ದಯವಿಟ್ಟು ಬೇಡ. ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕೇ ಜಾರುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಗುಂಡಿಯನ್ನು ಪೂರ್ತಿ ಸಡಿಲ ಮಾಡಿ ಇಡು. ಒದ್ದೆ ಚೀಲದಲ್ಲಿ ಮುಚ್ಚಿಡಬೇಡ.

ಬಂಡೆ ವಿಷಯಕ್ಕೆ ಬಂದರೆ, ರೀಲ್ ಯಾವುದರಿಂದ ಮಾಡಿದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೀರಾ ಅಗ್ಗದವು ಗ್ರಾಫೈಟ್ ಸೇರಿಸಿದ ಪ್ಲಾಸ್ಟಿಕ್. ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಬಿದ್ದರೆ ಒಡೆಯುತ್ತವೆ. ನಡುವಿನವು ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ. ದುಬಾರಿಯವು ಗಟ್ಟಿ ಅಲ್ಯೂಮಿನಿಯಂ ಸರಳಿನಿಂದ ಮಷೀನಿನಲ್ಲಿ ಕೊರೆದು ತೆಗೆದವು. ಎರಕದ್ದು ಗಟ್ಟಿಯಾಗಿ ಬಿದ್ದರೆ ಬಿರುಕು ಬಿಡಬಹುದು, ಕೊರೆದದ್ದು ಹೆಚ್ಚೆಂದರೆ ನಗ್ಗುತ್ತದೆ. ಇದೆಲ್ಲ ಉಕ್ಕಿನ ಊರಿನಲ್ಲಿರುವ ನಿನಗೆ ನಾನು ಹೇಳಬೇಕಾ? ನೀನು ಹಾಕಿದ 4,500ದ್ದು ಎರಕದ್ದು ಅನಿಸುತ್ತದೆ. ನೋಡಿಕೊಂಡು ಬಳಸಿದರೆ ಬಾಳುತ್ತದೆ.

ಲಾರ್ಜ್ ಆರ್ಬರ್ ಅಂದರೇನು ಅಂತ ಕೇಳಿದ್ದೆ. ಸ್ಪೂಲಿನ ನಡುವಿನ ದಿಂಡು ದಪ್ಪ ಇರುವುದು, ಅಷ್ಟೆ. ಹೂ ಕಟ್ಟುವ ನಾರನ್ನು ಪೆನ್ಸಿಲ್ಲಿಗೆ ಸುತ್ತಿಟ್ಟು ಮರುದಿನ ಬಿಚ್ಚಿದರೆ ಸುರುಳಿ ಸುರುಳಿಯಾಗಿ ಬರುತ್ತದೆ, ಹಾಲಿನ ಡಬ್ಬಕ್ಕೆ ಸುತ್ತಿದ್ದು ಹಾಗೆ ಬರುವುದಿಲ್ಲ. ಲೈನೂ ಹಾಗೇ. ಇನ್ನೊಂದು ಲಾಭ, ಒಂದು ಸುತ್ತಿಗೆ ಜಾಸ್ತಿ ಲೈನ್ ಒಳಗೆ ಬರುತ್ತದೆ. ಮೀನು ನಿನ್ನ ಕಡೆಗೇ ಓಡಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಲಾರ್ಜ್ ಇಲ್ಲದಿದ್ದರೆ ಮಿಡ್ ಆರ್ಬರ್ ಆದರೂ ಇರಲಿ.

ಹಾಗಾದರೆ ಉಳಿದ ದುಡ್ಡು ಏನು ಮಾಡಲಿ ಅಂತೀಯಾ? ಲೈನಿಗೆ ಹಾಕು. ನಾನು ಹೇಳಬೇಕು ಅಂತಿದ್ದ ಮುಖ್ಯ ಮಾತು ಇದೇ. ಹಿಮಾಚಲದ ಕುಲ್ಲು ಕಡೆ ಡ್ಯಾಮಿನ ಕೆಲಸದಲ್ಲಿದ್ದಾಗ ನಾನು ಇದನ್ನು ಕಲಿತವನು. ಅಲ್ಲಿನ ಲೈನನ್ನು ಇಲ್ಲಿ ಬೀಸಿದರೆ ಎಷ್ಟು ವ್ಯತ್ಯಾಸ ಅಂತ ಚೆನ್ನಾಗಿ ಗೊತ್ತು. ತಣ್ಣೀರಿಗೆ ಮಾಡಿದ ಲೈನ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮೆತ್ತಗಾಗಿ ರಾಡಿನ ಬಳೆಗಳಿಗೆ ಅಂಟುತ್ತದೆ, ದೂರ ಹೋಗುವುದೇ ಇಲ್ಲ. ಟ್ರಾಪಿಕಲ್ ಅಂತ ಬರೆದದ್ದು ಇಲ್ಲಿ ಚೆನ್ನಾಗಿ ಓಡುತ್ತದೆ. ಅದನ್ನೇ ಕುಲ್ಲು ಕಡೆಯ ತೀರ್ಥನ್ ನದಿಯ ಹಿಮದ ನೀರಿಗೆ ಇಳಿಸಿದರೆ ತಂತಿಯಂತೆ ಸೆಟೆದು ಸುರುಳಿಯಾಗಿ ಕೂರುತ್ತದೆ. ನೀನು ಎರಡೂ ಕಡೆ ಹಿಡಿಯಬೇಕು ಅಂತೀಯ. ಭಾನುವಾರ ಇಲ್ಲಿ, ದಸರಾ ರಜೆಯಲ್ಲಿ ಹಿಮಾಚಲ. ಅಂದ ಮೇಲೆ ನಿನಗೆ ಬೇಕಾದದ್ದು ದೊಡ್ಡ ರೀಲಲ್ಲ, ಒಂದು ರೀಲು, ಎರಡು ಸ್ಪೂಲು, ಎರಡು ಲೈನು. ಒಂದು ಸ್ಪೂಲ್ ತೆಗೆದು ಇನ್ನೊಂದು ಹಾಕುವುದು ನಿಮಿಷದ ಕೆಲಸ. ಹಾಂ, ಲೈನಿಗೆ ಇನ್ನೊಂದು ಶತ್ರು ಇದೆ, ಡೀಟ್ ಇರುವ ಸೊಳ್ಳೆ ಮುಲಾಮು. ಹಚ್ಚಿದ ಕೈಯಲ್ಲಿ ಮುಟ್ಟಿದರೆ ಲೈನಿನ ಪ್ಲಾಸ್ಟಿಕ್ ಹಾಳಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡ.

ಲೈನಿನ ಕೆಳಗೆ ಬ್ಯಾಕಿಂಗ್ ಸುತ್ತಬೇಕು, 20 ಪೌಂಡಿನ ಡೇಕ್ರಾನ್ ದಾರ. ಲೈನ್ ಇರುವುದೇ 90 ಅಡಿ ಆಸುಪಾಸು, ದೊಡ್ಡ ಮೀನು ಅದನ್ನು ದಾಟಿ ಓಡಿದರೆ ಆಸರೆ ಇದೇ. ಬಿಗಿಯಾಗಿ ಸುತ್ತು, ಸಡಿಲ ಇದ್ದರೆ ಮೇಲಿನ ಸುತ್ತು ಕೆಳಗಿಳಿದು ಸಿಕ್ಕಿಕೊಳ್ಳುತ್ತದೆ. ಸ್ಪೂಲಿನ ಅಂಚಿಗೆ ಅರ್ಧ ಸೆಂಟಿಮೀಟರ್ ಜಾಗ ಬಿಡು. ಬಲಗೈಯಲ್ಲಿ ಬೀಸುವವನು ನೀನು, ಹಾಗಾಗಿ ಎಡಗೈಯಲ್ಲಿ ಸುತ್ತುವ ಹಾಗೆ ಸೆಟ್ ಮಾಡಿಸು. ಸುತ್ತಿದ ಮೇಲೆ ಬದಲಿಸಲು ಹೋದರೆ ಎಲ್ಲ ಬಿಚ್ಚಬೇಕು.

ಇಲ್ಲಿನ ಮೀನುಗಳಿಗೆ ಯಾವ ರೀಲ್ ಅಂತಲೂ ಕೇಳಿದ್ದೆ. ಜಿಲೇಬಿ ಮೀನು ನೀರೊಳಗಿನ ಹುಳದಂತೆ ಕಟ್ಟಿದ ಸಣ್ಣ ಫ್ಲೈಗೆ, ನಿಂಫ್‌ಗೆ ಚೆನ್ನಾಗಿ ಬರುತ್ತದೆ, ರೀಲ್ ಮುಟ್ಟುವ ಕೆಲಸವೇ ಇಲ್ಲ. ಕೊರಮೀನು ಜೊಂಡಿನ ಅಂಚಿನಲ್ಲಿ ನೀರ ಮೇಲೆ ತೇಲುವ ಕಪ್ಪೆಯಂಥ ಪಾಪರ್ ಫ್ಲೈಯನ್ನು ಹೊಡೆಯುತ್ತದೆ. ಅದಕ್ಕೆ ಓಡಲು ಬಿಟ್ಟರೆ ಜೊಂಡೊಳಗೆ ನುಗ್ಗಿ ಹೋಯಿತು, ಕೈಯಲ್ಲೇ ಲೈನ್ ಬಿಗಿ ಹಿಡಿದು ಎಳೆಯಬೇಕು. ಅದಕ್ಕೆ 5ಎಕ್ಸ್ ನಡೆಯುವುದಿಲ್ಲ, ದಪ್ಪ ಎಳೆ ಕಟ್ಟು. ರೋಹು, ಕಾಟ್ಲಾ ಫ್ಲೈಗೆ ಬರುವುದು ಅಪರೂಪ, ಅವಕ್ಕೆ ಹಿಟ್ಟೇ ಸರಿ. ನಿನಗೆ 7/8 ರೀಲು, 20 ಪೌಂಡ್ ಡ್ರ್ಯಾಗು, ನೂರೈವತ್ತು ಗಜ ಬ್ಯಾಕಿಂಗು ಬೇಕಾಗುವುದು ಮಹಶೀರ್ ಹಿಂದೆ ಹೋದಾಗ. ಅದು ಓಡುವ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್ ತೂಗಿತ್ತು. ಅದು ಫ್ಲೈ ಕಥೆಯಲ್ಲ, ಮೀನಿನ ಗಾತ್ರ ತಿಳಿಯಲಿ ಅಂತ ಹೇಳಿದೆ. ಆ ದಿನ ಬಂದಾಗ 8 ನಂಬರ್ ರಾಡಿನ ಜೊತೆ ದೊಡ್ಡ ರೀಲ್ ಕೊಳ್ಳು, ನಾನೇ ಅರ್ಧ ದುಡ್ಡು ಹಾಕುತ್ತೇನೆ. ಭಾವ, ಇದನ್ನು ಕೇಳಿಸಿಕೊಳ್ಳಲಿಲ್ಲ ಅಂತ ಮಾಡಿ.

ಅಕ್ಕಾ, ನೀನು ಮೊಸಳೆ ಅಂತ ಹೆದರಿದ್ದು ಸುಮ್ನೆ ಅಲ್ಲ. ತುಂಗಭದ್ರೆಯಲ್ಲೂ ಇವೆ, ರಾಯಚೂರು ಕಡೆ ಕೃಷ್ಣೆಯಲ್ಲೂ ಇವೆ. ಅಳಿಯಾ, ವಿಡಿಯೊದಲ್ಲಿ ಫಾರಿನ್ನವರು ಸೊಂಟದವರೆಗೆ ನೀರಿಗಿಳಿದು ಬೀಸುತ್ತಾರೆ ಅಂತ ನೀನೂ ಇಳಿಯಬೇಡ. ದಂಡೆಯಿಂದಲೇ ಬೀಸು, ಬೆನ್ನ ಹಿಂದೆ ಜಾಲಿ ಇಲ್ಲದ ಜಾಗ ನೋಡಿಕೋ. ಡ್ಯಾಮ್ ಕೆಳಗಿನಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯವರನ್ನು ಕೇಳದೆ ಅಲ್ಲಿ ಗಾಳ ಬಿಚ್ಚಲೇಬೇಡ. ಕೆರೆಗಳಾದರೆ ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಯಾರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಹೋಗಿ ಮಾತಾಡು. ಹಿಡಿದು ಬಿಟ್ಟುಬಿಡುತ್ತೇನೆ ಅಂದರೆ ನಗುತ್ತಾರೆ, ಬೇಡ ಅನ್ನುವುದು ಕಡಿಮೆ.

ಹಿಮಾಚಲಕ್ಕೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಅಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಹಿಡಿಯುವಂತಿಲ್ಲ. ದಸರಾ ತಪ್ಪಿಸಿ ದೀಪಾವಳಿಗೆ ಹೋಗೋಣ ಅಂತ ಮುಂದೂಡಿದರೆ, ಹಬ್ಬ ನವೆಂಬರ್‌ನಲ್ಲಿ ಬಿದ್ದ ವರ್ಷ ಬೆಟ್ಟ ನೋಡಿಕೊಂಡು ಬರಬೇಕಾಗುತ್ತದೆ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಆ 4,500ದ್ದರ ಅಂಗಡಿಯವನಿಗೆ ಮೆಸೇಜ್ ಹಾಕಿ, ಡ್ರ್ಯಾಗ್ ಸೀಲ್ ಆಗಿದೆಯಾ, ರೀಲಿನ ತೂಕ ಎಷ್ಟು, ಸ್ಪೇರ್ ಸ್ಪೂಲ್ ಬೇರೆಯಾಗಿ ಸಿಗುತ್ತದಾ ಅಂತ ಕೇಳು. ಸ್ಪೂಲ್ ಇಲ್ಲ ಅಂದರೆ ಆರ್ಡರ್ ಮಾಡಬೇಡ, ಇನ್ನೆರಡು ಸಾವಿರ ಮೇಲಿನದ್ದು ನೋಡೋಣ. ಉತ್ತರ ಬಂದ ಮೇಲೆ ಇಲ್ಲೇ ಹಾಕು, ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.