ಇಂಗ್ಲಿಷಿನಲ್ಲಿ ‘ರೀ’ ಎಲ್ಲಿದೆ? ಡಿಗ್ರಿ ಮಕ್ಕಳಿಗೆ ಆಫೀಸಿನ ಇಂಗ್ಲಿಷ್ ಕಲಿಸಿದವರ ಅನುಭವ

ಕೇಳಿದವರು: ಅತಿಥಿ ಉಪನ್ಯಾಸಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಈ ಸಲ ನನಗೆ ಬಿಕಾಂ ಕೊನೇ ವರ್ಷದವರಿಗೆ ಬಿಸಿನೆಸ್ ಇಂಗ್ಲಿಷ್ ಕೊಟ್ಟಿದ್ದಾರೆ. ವಾರಕ್ಕೆ 3 ತಾಸು, ಕ್ಲಾಸಿನಲ್ಲಿ 60ಕ್ಕಿಂತ ಜಾಸ್ತಿ ಮಕ್ಕಳು. ಅರ್ಧದಷ್ಟು ಮಂದಿ ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬಸ್ಸಿಗೆ ಬರುವವರು. ಹತ್ತನೇ ತನಕ ಕನ್ನಡ ಮಾಧ್ಯಮ. ಮಾತಾಡಿ ಅಂದರೆ ಬೆಂಚು ನೋಡುತ್ತಾರೆ. ಪುಸ್ತಕದಲ್ಲಿರುವ ಪತ್ರಗಳೋ, ಯಾವುದೋ ದೂರದ ಊರಿನ ಕಂಪನಿ ಇನ್ನೊಂದು ಕಂಪನಿಗೆ ಸೋಫಾ ತಡವಾಯಿತು ಅಂತ ಬರೆದಿದ್ದು. ಅದನ್ನು ಓದಿಸುವಾಗ ನನಗೇ ನಿದ್ದೆ ಬರುತ್ತದೆ.

ಇದನ್ನು ಕಲಿಸಿದವರು, ಕಲಿತವರು, ಇಂಥ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡವರು ಇಲ್ಲಿದ್ದರೆ, ನಿಮಗೆ ಯಾವುದು ಉಪಯೋಗಕ್ಕೆ ಬಂತು ಹೇಳಿ. ‘ದಿನಾ ಪೇಪರ್ ಓದಿಸಿ’ ಮಾತ್ರ ಬೇಡ. ಅದನ್ನು ನಾನೂ ಹೇಳಿ ಸಾಕಾಗಿದೆ.

ಡಿಗ್ರಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಕಲಬುರಗಿ

ಮೇಡಂ, ನಾನು ಮೊದಲ ಆರೇಳು ವರ್ಷ ಬರೀ ಟೆನ್ಸು, ವಾಯ್ಸು, ಪತ್ರದ ನಮೂನೆ ಅಂತಲೇ ಕಳೆದೆ. ಬುದ್ಧಿ ಬಂದಿದ್ದು ಒಬ್ಬ ಹುಡುಗನಿಂದ. ಅವನು ಒಬ್ಬರು ಆಡಿಟರ್ ಹತ್ತಿರ ಕೆಲಸ ಕಲಿಯಲು ಸೇರಿದ್ದ. ಹೈದರಾಬಾದಿನ ಒಬ್ಬ ಗಿರಾಕಿಗೆ ಮೇಲ್ ಹಾಕಿದ: ‘ಸರ್, ಸೆಂಡ್ ಬ್ಯಾಂಕ್ ಸ್ಟೇಟ್‌ಮೆಂಟ್ ಟುಡೇ.’ ಅಷ್ಟೇ. ಆ ಮನುಷ್ಯ ಸಿಟ್ಟಿಗೆದ್ದು ಆಡಿಟರಿಗೇ ಫೋನ್ ಮಾಡಿದ. ನಿಮ್ಮ ಹುಡುಗ ನನಗೆ ಆರ್ಡರ್ ಹಾಕುತ್ತಾನೆ ಅಂತ.

ಹುಡುಗ ನನ್ನ ಹತ್ತಿರ ಬಂದು, ‘ಸರ್, ನಾ ಮರ್ಯಾದಿಲೇ ಬರ್ದೀನಲ್ರಿ’ ಅಂದ. ಮುಖ ಸಣ್ಣದಾಗಿತ್ತು. ಅದನ್ನೇ ಕನ್ನಡದಲ್ಲಿ ಹೇಳು ಅಂದೆ. ‘ಇವತ್ತು ಸ್ಟೇಟ್‌ಮೆಂಟ್ ಕಳಸ್ರಿ’ ಅಂದ.

ನೋಡಿ, ಕನ್ನಡದಲ್ಲಿ ಅವನು ಮರ್ಯಾದೆಯಿಂದಲೇ ಹೇಳಿದ್ದ. ಆ ಮರ್ಯಾದೆ ಪೂರ್ತಿ ಇದ್ದಿದ್ದು ಕೊನೆಯ ‘ರಿ’ಯಲ್ಲಿ. ಇಂಗ್ಲಿಷಿಗೆ ಹೋಗುವಾಗ ಅದೊಂದು ಅಕ್ಷರ ಉದುರಿಹೋಯಿತು. ಉಳಿದದ್ದು ‘ಕಳಿಸು’. ಮುಂದೆ ‘ಸರ್’ ಹಾಕಿದರೂ ಅದು ‘ಸರ್, ಕಳಿಸು’ ಆಯಿತೇ ಹೊರತು ‘ಕಳಿಸ್ರಿ’ ಆಗಲಿಲ್ಲ. ಇಂಗ್ಲಿಷಿನಲ್ಲಿ ನೀನು ಅಂದರೂ ಯೂ, ನೀವು ಅಂದರೂ ಯೂ. ಅಲ್ಲಿ ಮರ್ಯಾದೆ ಬೇರೆ ಕಡೆ ಕೂತಿರುತ್ತದೆ: ‘ಕುಡ್ ಯೂ’, ‘ವುಡ್ ಯೂ’ಗಳಲ್ಲಿ, ಕೇಳುವುದನ್ನು ಪ್ರಶ್ನೆ ಮಾಡುವುದರಲ್ಲಿ.

ಅವತ್ತಿನಿಂದ ನನ್ನ ಮೊದಲ ಕ್ಲಾಸು ಇದೇ. ಬೋರ್ಡಿನ ಎಡಕ್ಕೆ ನಮ್ಮ ಮಾತು ಬರೆಯುತ್ತೇನೆ: ‘ಕಳಸು’, ‘ಕಳಸ್ರಿ’, ‘ಕಳಸ್ತೀರೇನ್ರಿ’, ‘ಸಂಜಿ ಒಳಗ ಕಳಸಿದ್ರ ಭಾಳ ಛಲೋ ಆಗ್ತದ್ರಿ’. ಯಾವ ಮೆಟ್ಟಿಲು ಯಾರಿಗೆ ಅಂತ ಕೇಳಿದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ತಮ್ಮನಿಗೆ ಇದು, ಪಿಡಿಒಗೆ ಇದು, ಸಾಲ ಕೊಟ್ಟ ಸಾಹುಕಾರನಿಗೆ ಕೊನೇದು! ಆಮೇಲೆ ಬಲಕ್ಕೆ ಇಂಗ್ಲಿಷಿನ ಮೆಟ್ಟಿಲು: ‘ಸೆಂಡ್ ಇಟ್’, ‘ಪ್ಲೀಸ್ ಸೆಂಡ್ ಇಟ್’, ‘ಕುಡ್ ಯೂ ಸೆಂಡ್ ಇಟ್’, ‘ಇಟ್ ವುಡ್ ಬಿ ಹೆಲ್ಪ್‌ಫುಲ್ ಇಫ್ ಯೂ ಕುಡ್ ಸೆಂಡ್ ಇಟ್ ಬೈ ಫೈವ್’. ‘ಕುಡ್’ ಅಂದರೆ ‘ಕ್ಯಾನ್’ನ ಭೂತಕಾಲ ಅಂತ ಓದಿದ ಮಕ್ಕಳಿಗೆ, ಅದೇ ‘ಕುಡ್’ ಇಲ್ಲಿ ‘ರೀ’ ಆಗಿ ಬಂದಿದೆ ಅಂದರೆ ನಗು ಬರುತ್ತದೆ. ಆದರೆ ಮರೆಯುವುದಿಲ್ಲ.

ಇದರ ಉಲ್ಟಾ ರೋಗವೂ ಇದೆ. ಒಂದು ದಿನದ ರಜೆಗೆ ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡಿ, ‘ಕೈಂಡ್ಲಿ ಡು ದ ನೀಡ್‌ಫುಲ್’ ಅಂತ ಮುಗಿಸುವುದು. ನಡುವೆ ಯಾವ ದಿನದ ರಜೆ ಅನ್ನುವುದೇ ಇರುವುದಿಲ್ಲ. ನನ್ನ ಕ್ಲಾಸಿನಲ್ಲಿ ‘ನೀಡ್‌ಫುಲ್’ ಬರೆದವರು ಅದರ ಜಾಗದಲ್ಲಿ ಯಾರು, ಏನು, ಎಷ್ಟರೊಳಗೆ ಮಾಡಬೇಕು ಅಂತ ಬರೆದು ತರಬೇಕು. ಹಾಗೆ ಬರೆಸುವ ಮೇಲುಗಳ ವಿಷಯವೂ ನಮ್ಮದೇ ಇರಲಿ. ಸೋಫಾ ಬಿಡಿ. ಗಂಜ್‌ನ, ಅಂದರೆ ನಮ್ಮ ಧಾನ್ಯದ ಪೇಟೆಯ, ದಾಲ್ ಮಿಲ್ ಒಂದು ಮುಂಬೈ ವ್ಯಾಪಾರಿಗೆ 50 ಕ್ವಿಂಟಲ್ ಬೇಳೆ ಕಳಿಸಿದೆ, 2 ಕ್ವಿಂಟಲ್ ಕಡಿಮೆ ಬಂದಿದೆ ಅಂತ ಅವನು ಬರೆದಿದ್ದಾನೆ. ಉತ್ತರ ಕೊಡಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಭಾಗದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಅದನ್ನು ಹೊಸ ಗಿರಾಕಿಗೆ ನಾಲ್ಕು ಸಾಲಿನಲ್ಲಿ ಹೇಳಿ. ಮನೆಯಲ್ಲಿ ತೊಗರಿ ಬೆಳೆಯುವ ಮಕ್ಕಳಿಗೆ ವಿಷಯ ಹುಡುಕುವ ಕಷ್ಟ ಇಲ್ಲ. ಭಾಷೆ ಒಂದೇ ಹುಡುಕಿದರೆ ಸಾಕು.

ನಿವೃತ್ತ ಗುಮಾಸ್ತರು, ಯಾದಗಿರಿ

ಆ ‘ಬೆಗ್ ಟು ಸ್ಟೇಟ್’ ಮಕ್ಕಳ ತಪ್ಪಲ್ಲ ಸರ್. ಅವರಿಗೆ ನಾವು ಹಿರಿಯರೇ ಬರೆದುಕೊಟ್ಟ ನಮೂನೆ ಅದು. ನನ್ನ ಸರ್ವಿಸಿನಲ್ಲಿ ಅಂಥ ಸಾವಿರಾರು ಅರ್ಜಿ ಬರೆಸಿದ್ದೇನೆ. ನಮ್ಮ ಅಪ್ಪನ ಕಾಲಕ್ಕೆ, 1948ರ ತನಕ, ಈ ಭಾಗ ನಿಜಾಮರ ಆಡಳಿತದಲ್ಲಿತ್ತು. ಕಚೇರಿ ಭಾಷೆ ಉರ್ದು. ಅಪ್ಪ ಅರ್ಜಿ ಬರೆಯಬೇಕಾದರೆ ಉರ್ದುವಿನಲ್ಲೇ ಬರೆಯಬೇಕಿತ್ತು. ಅರ್ಜಿ, ದಾಖಲೆ, ತಹಸೀಲು ಎಲ್ಲ ಹಾಗೇ ಉಳಿದ ಮಾತುಗಳು. ಸಾಹೇಬರ ಮುಂದೆ ಬಗ್ಗಿ ನಿಂತು ಬರೆಯುವ ರೂಢಿಯೂ ಉಳಿಯಿತು. ಮಕ್ಕಳಿಗೆ ಇದನ್ನೂ ಒಂದು ಮಾತು ಹೇಳಿ. ತಪ್ಪು ಅಂತ ಬೈದರೆ ಮನೆಗೆ ಹೋಗಿ ಅಪ್ಪನ ಹತ್ತಿರ ಬರೆಸಿಕೊಂಡು ಬರುತ್ತಾರೆ, ಮತ್ತೆ ಅದೇ ‘ಬೆಗ್’.

ಫ್ಯಾಕ್ಟರಿ ಎಂಜಿನಿಯರ್, ಕಲಬುರಗಿ ಜಿಲ್ಲೆ

ನಾನು ಕಲಿಸುವವನಲ್ಲ, ಸಿಮೆಂಟ್ ಫ್ಯಾಕ್ಟರಿಯಲ್ಲಿ ಟ್ರೈನಿಗಳನ್ನು ನೋಡಿಕೊಳ್ಳುವವನು. ಕಾಲೇಜಿನವರು ಪವರ್‌ಪಾಯಿಂಟ್, ಗ್ರೂಪ್ ಡಿಸ್ಕಷನ್ ಅಂತ ಮಾಡಿಸುತ್ತಾರೆ. ಇಂಟರ್‌ವ್ಯೂಗೆ ಬೇಕು, ಇರಲಿ. ಆದರೆ ಕೆಲಸಕ್ಕೆ ಬಂದ ಮೊದಲ ವರ್ಷ ನಮ್ಮ ಹುಡುಗರು ಬರೆಯುವ ಇಂಗ್ಲಿಷ್ ಅಂದರೆ ಶಿಫ್ಟ್ ರಿಜಿಸ್ಟರಿನ ನಾಲ್ಕು ಸಾಲು. ಅದನ್ನು ಯಾರೂ ಕಲಿಸಿರುವುದಿಲ್ಲ.

ಒಂದು ಸಲ ರಾತ್ರಿ ಶಿಫ್ಟಿನ ಹುಡುಗ ಬರೆದಿದ್ದ: ‘ಬೆಲ್ಟ್ ಪ್ರಾಬ್ಲಮ್ ಕೇಮ್. ನೌ ಓಕೆ.’ ಬೆಲ್ಟ್ ಅಂದರೆ ಮಾಲು ಸಾಗಿಸುವ ಕನ್ವೇಯರ್ ಬೆಲ್ಟ್. ಬೆಳಿಗ್ಗೆಯವರು ಓಕೆ ನೋಡಿ ಪೂರ್ತಿ ಲೋಡ್ ಕೊಟ್ಟರು. ಎರಡು ತಾಸಿಗೆ ಬೆಲ್ಟ್ ಹರಿಯಿತು. ರಾತ್ರಿ ಜಾಯಿಂಟ್ ಬಿಟ್ಟಿತ್ತಂತೆ, ಇವನು ಫಾಸ್ನರ್ (ತುದಿ ಜೋಡಿಸುವ ಕ್ಲಿಪ್) ಹಾಕಿ ತಾತ್ಕಾಲಿಕವಾಗಿ ನಡೆಸಿದ್ದ. ಕೆಲಸ ಸರಿಯಾಗೇ ಮಾಡಿದ್ದ ಪಾಪ. ಆ ‘ತಾತ್ಕಾಲಿಕ’ ಅನ್ನುವ ಒಂದು ಮಾತು ಬರೆಯಲಿಲ್ಲ.

ಈಗ ರಿಜಿಸ್ಟರಿನ ರಟ್ಟಿನ ಒಳಗೆ ನಾಲ್ಕು ಪ್ರಶ್ನೆ ಕನ್ನಡದಲ್ಲೇ ಅಂಟಿಸಿದ್ದೇನೆ: ಏನಾಯಿತು? ಎಷ್ಟು ಗಂಟೆಗೆ? ಏನು ಮಾಡಿದಿರಿ? ಏನು ಬಾಕಿ ಇದೆ? ಉತ್ತರ ಇಂಗ್ಲಿಷಿನಲ್ಲಿ. ‘ಬೆಲ್ಟ್ 3 ಸ್ಟಾಪ್ಡ್ ಅಟ್ 2.40. ಜಾಯಿಂಟ್ ಓಪನ್. ಟೆಂಪರರಿ ಫಾಸ್ನರ್ ಫಿಟೆಡ್. ವಲ್ಕನೈಸಿಂಗ್ ಪೆಂಡಿಂಗ್.’ ವಲ್ಕನೈಸಿಂಗ್ ಅಂದರೆ ಜಾಯಿಂಟನ್ನು ಪಕ್ಕಾ ಬೆಸೆಯುವುದು. ಇದರಲ್ಲಿ ಪೂರ್ತಿ ವಾಕ್ಯವೇ ಇಲ್ಲ ಅಂತ ನಿಮ್ಮಂಥವರು ಕೆಂಪು ಗೆರೆ ಎಳೆಯಬಹುದು. ನನಗೆ ಇಷ್ಟು ಸಾಕು, ಬೆಲ್ಟ್ ಉಳಿಯುತ್ತದೆ.

ಪಿಯು ಲೆಕ್ಚರರ್, ಕಲಬುರಗಿ

ಎಲ್ಲ ಸರಿ, ಆದರೆ ಗ್ರಾಮರ್ ಬೇಡವೇ ಬೇಡ ಅನ್ನುವ ಹಾಗೆ ಆಗುತ್ತಿದೆ ಮಾತು. ‘ಹಿ ಡೋಂಟ್ ಕೇಮ್’ ಅಂತ ಬರೆದರೆ ಬೆಂಗಳೂರಿನಲ್ಲಿ ಯಾರೂ ಮೆಟ್ಟಿಲು ನೋಡುವುದಿಲ್ಲ, ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಡಿಗ್ರಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಕಲಬುರಗಿ

ಬೇಡ ಅಂದಿಲ್ಲ ಸರ್. ಮೇಲ್ ಬರೆದ ಮೇಲೆ ಅದೇ ಮೇಲಿನ ತಪ್ಪು ತಿದ್ದುತ್ತೇನೆ. ಒಂದು ಸಲಕ್ಕೆ ಎರಡೇ ತಪ್ಪು. ಹನ್ನೆರಡು ತಪ್ಪಿಗೆ ಗೆರೆ ಎಳೆದ ಕಾಗದವನ್ನು ಯಾವ ಹುಡುಗನೂ ಎರಡನೇ ಸಲ ತೆಗೆದು ನೋಡಿದ್ದು ನಾನು ಕಂಡಿಲ್ಲ.

ಕಾಮರ್ಸ್ ಉಪನ್ಯಾಸಕಿ, ಬೀದರ್

ಅಕ್ಕಾ, ನಿಮ್ಮದು ಕನ್ನಡದ ಕ್ಲಾಸು. ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೂತಿರುತ್ತವೆ. ನಾನು ಜಾಣತನ ಮಾಡಿ ಮರಾಠಿ ಹುಡುಗಿಯನ್ನೂ ಕನ್ನಡ ಹುಡುಗಿಯನ್ನೂ ಜೋಡಿ ಮಾಡಿದೆ, ಇಂಗ್ಲಿಷ್ ಬಿಟ್ಟು ದಾರಿ ಇರಬಾರದು ಅಂತ. ಎರಡು ನಿಮಿಷಕ್ಕೆ ಇಬ್ಬರೂ ನಮ್ಮ ಬೀದರ್ ಹಿಂದಿಯಲ್ಲಿ ಆರಾಮಾಗಿ ಹರಟೆ! ಈಗ ನಿಯಮ ಇಷ್ಟೇ: ತಯಾರಿ ಯಾವ ಭಾಷೆಯಲ್ಲಾದರೂ ಮಾಡಿ, ಎದ್ದು ನಿಂತು ಹೇಳುವುದು ಇಂಗ್ಲಿಷಿನಲ್ಲಿ. ಮೊದಲಿಗಿಂತ ಜಾಸ್ತಿ ಮಾತಾಡುತ್ತಾರೆ.

ನಮ್ಮ ಒಬ್ಬ ಹುಡುಗ ಎರಡು ಸೆಮಿಸ್ಟರ್ ‘ಪ್ರೆಸೆಂಟ್ ಮೇಡಂ’ ಬಿಟ್ಟು ಬೇರೆ ಏನೂ ಅಂದವನಲ್ಲ. ‘ಒಂದು ವಸ್ತು ಹೇಗೆ ತಯಾರಾಗುತ್ತದೆ’ ಅಂತ ವಿವರಿಸುವ ಪಾಠ ಇತ್ತು. ಅವನ ಮನೆಯಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಸತು ಮತ್ತು ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುವುದು, ಉಜ್ಜುವುದು, ಉಳಿಯಿಂದ ಚಿತ್ತಾರ ಕೊರೆಯುವುದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಪ್ಪು ಮಾಡುವುದು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ‘ಸಿಲ್ವರ್ ವಾಸ್ ನಾಟ್ ಬಿಕಮ್ ಬ್ಲ್ಯಾಕ್’ ಅಂದ. ನಾನು ತಿದ್ದಲಿಲ್ಲ. ಐದು ನಿಮಿಷ ಮಾತಾಡಿದ, ಹುಡುಗರು ಪ್ರಶ್ನೆ ಕೇಳಿದರು, ಬೆಲೆ ಎಷ್ಟು ಅಂದರು. ಅದಕ್ಕೆ ಮಾತ್ರ ಥಟ್ಟನೆ ಸರಿಯಾದ ಇಂಗ್ಲಿಷಿನಲ್ಲಿ ಉತ್ತರ ಬಂತು!

ಪ್ಯಾಸಿವ್ ವಾಯ್ಸ್ ಮರುದಿನ ಮಾಡಿದೆ. ‘ಇಟ್ ಈಸ್ ಮೆಲ್ಟೆಡ್, ಇಟ್ ಈಸ್ ಪೋರ್ಡ್.’ ಉದಾಹರಣೆ ಹುಡುಕಲಿಕ್ಕೆ ಕಷ್ಟವೇ ಆಗಲಿಲ್ಲ.

ಇನ್ನೊಂದು. 60 ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಲು ಆಗುವುದಿಲ್ಲ. ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ನಿಮಗೆ ಒಂದೇ ಮೆಸೇಜ್ ಬರುತ್ತದೆ, ಆದರೆ ಅವರು ಅದನ್ನು ಏಳೆಂಟು ಸಲ ಅಳಿಸಿ ಮತ್ತೆ ಮಾತಾಡಿರುತ್ತಾರೆ. ಪ್ರಾಕ್ಟೀಸ್ ಆಗುವುದು ಅಲ್ಲೇ. ಕೆಲವು ಹುಡುಗಿಯರ ಹತ್ತಿರ ಸ್ವಂತ ಫೋನ್ ಇರುವುದಿಲ್ಲ, ಅಣ್ಣನದೋ ಅಪ್ಪನದೋ ಇರುತ್ತದೆ. ಅವರಿಗೆ ಊಟದ ಬಿಡುವಿನಲ್ಲಿ ನನ್ನ ಫೋನ್ ಕೊಟ್ಟು ಖಾಲಿ ಕ್ಲಾಸ್ ರೂಮಿಗೆ ಕಳಿಸುತ್ತೇನೆ. ಇದನ್ನು ಮೊದಲೇ ಕೇಳಿಕೊಳ್ಳಿ, ಎಲ್ಲರ ಮುಂದೆ ಕೇಳಬೇಡಿ.

ಹಳೇ ವಿದ್ಯಾರ್ಥಿ, ಯಾದಗಿರಿ ಜಿಲ್ಲೆ, ಈಗ ಬೆಂಗಳೂರು

ನಾನು ಬೆಂಚು ನೋಡುತ್ತಿದ್ದವನೇ ಮೇಡಂ. ಡಿಗ್ರಿ ಮುಗಿದ ಮೇಲೆ ‘30 ದಿನದಲ್ಲಿ ಫ್ಲುಯೆಂಟ್’ ಅನ್ನುವ ಒಂದು ಕೋಚಿಂಗಿಗೆ ದುಡ್ಡು ಕಟ್ಟಿದೆ. ಅಲ್ಲಿ ಕಲಿತದ್ದು ‘ಮೈಸೆಲ್ಫ್’ ಅಂತ ಶುರುವಾಗುವ ಒಂದು ಸೆಲ್ಫ್ ಇಂಟ್ರೊಡಕ್ಷನ್. ಬಾಯಿಪಾಠ. ‘ಮೈ ಹಾಬೀಸ್ ಆರ್ ಲಿಸನಿಂಗ್ ಮ್ಯೂಸಿಕ್’ ತನಕ ಬಂದಾಗ ಇಂಟರ್‌ವ್ಯೂನವರು ನಡುವೆ ತಡೆದು, ನಿಮ್ಮ ಊರಿನಲ್ಲಿ ಏನು ಬೆಳೆಯುತ್ತಾರೆ ಅಂತ ಕೇಳಿದರು. ನನಗೆ ಭತ್ತಕ್ಕೆ ಇಂಗ್ಲಿಷ್ ಮಾತೇ ಹೊಳೆಯಲಿಲ್ಲ. ‘ರೈಸ್ ಟ್ರೀ’ ಅಂದೆ. ಈಗ ನಗು ಬರುತ್ತದೆ, ಅವತ್ತು ವಾಪಸ್ ಬರುವ ರೈಲಿನಲ್ಲಿ ಊಟ ಸೇರಲಿಲ್ಲ.

ಕೆಲಸ ಸಿಕ್ಕ ಮೇಲೆ ಇನ್ನೊಂದು ಪೆಟ್ಟು ಬಿತ್ತು. ನಮ್ಮ ಕಡೆ ಆಗದ ಕೆಲಸಕ್ಕೆ ಯಾರೂ ‘ಆಗಲ್ಲ’ ಅನ್ನುವುದಿಲ್ಲ. ‘ನೋಡ್ತೀನ್ರಿ’ ಅಂತೀವಿ. ಕೇಳಿದವನಿಗೂ ಗೊತ್ತು, ಆಗಲ್ಲ ಅಂತ. ಯಾರ ಮನಸ್ಸಿಗೂ ನೋವಿಲ್ಲ. ನಾನು ಮ್ಯಾನೇಜರಿಗೆ ‘ಐ ವಿಲ್ ಸೀ ಸರ್’ ಅಂದೆ. ಅವರು ಆಗುತ್ತದೆ ಅಂದುಕೊಂಡು ಗಿರಾಕಿಗೆ ಶುಕ್ರವಾರ ಅಂತ ಹೇಳಿಬಿಟ್ಟರು. ಶುಕ್ರವಾರ ಬಂತು, ಕೆಲಸ ಅರ್ಧವೂ ಆಗಿರಲಿಲ್ಲ. ಆಗಲ್ಲ ಅಂತ ಸೋಮವಾರವೇ ಹೇಳಬಾರದಿತ್ತಾ ಅಂದರು. ನಾನು ಹೇಳಿದ್ದೆ ಅಂತಲೇ ನನ್ನ ಲೆಕ್ಕ!

ನನ್ನನ್ನು ಉಳಿಸಿದ್ದು ಎರಡೇ ವಾಕ್ಯ. ಒಂದು, ‘ಸಾರಿ, ಐ ಡಿಡಂಟ್ ಫಾಲೋ ದ ಲಾಸ್ಟ್ ಪಾರ್ಟ್.’ ಇನ್ನೊಂದು, ‘ಐ ಕಾಂಟ್ ಫಿನಿಷ್ ಇಟ್ ಬೈ ಫ್ರೈಡೇ, ಬಟ್ ಐ ಕ್ಯಾನ್ ಗಿವ್ ಇಟ್ ಆನ್ ಟ್ಯೂಸ್ಡೇ.’ ಇವನ್ನು ಕಲಿಸಿದ್ದು ಪಕ್ಕದ ಸೀಟಿನ ಹಾಸನದ ಗೆಳೆಯ. ‘ಆಗಲ್ಲ’ ಒಂದನ್ನೇ ಹೇಳಬೇಡ, ಯಾವಾಗ ಆಗುತ್ತದೆ ಅಂತ ಜೊತೆಗೇ ಹೇಳು ಅಂದ. ಮೇಡಂ, ಒಂದು ಕ್ಲಾಸು ಪೂರ್ತಿ ಬರೀ ‘ಆಗಲ್ಲ’ ಅನ್ನುವುದಕ್ಕೇ ಇಟ್ಟುಬಿಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಮಾಡಿ ನೋಡಿ ಬರೆಯುತ್ತಿದ್ದೇನೆ. ಮೇಷ್ಟ್ರ ಮೆಟ್ಟಿಲು ಮೊದಲ ದಿನವೇ ಮಾಡಿದೆ. ‘ಕಳಸ್ರಿ’ಗಿಂತ ಮೇಲೆ, ‘ಕಳಸ್ತೀರೇನ್ರಿ’ಗಿಂತ ಕೆಳಗೆ ‘ಒಂಚೂರು ಕಳಸ್ರಲ್ಲ’ ಅಂತ ಇನ್ನೊಂದು ಮೆಟ್ಟಿಲಿದೆ ಅಂತ ಅಫಜಲಪುರದ ಹುಡುಗಿಯೊಬ್ಬಳು ಎದ್ದು ನಿಂತು ವಾದ ಮಾಡಿದಳು. ಅದಕ್ಕೆ ಇಂಗ್ಲಿಷ್ ಏನು ಅಂತ ಕೇಳಿದಳು. ನನಗೆ ಹೊಳೆಯಲಿಲ್ಲ, ಸುಮ್ನೆ ನಿಂತೆ. ಮೇಷ್ಟ್ರೇ, ನಿಮಗೆ ಹೊಳೆದರೆ ತಿಳಿಸಿ.

‘ಆಗಲ್ಲ’ ಕ್ಲಾಸು ಬರುವ ಸೋಮವಾರ ಇಟ್ಟಿದ್ದೇನೆ. ಗ್ರಾಮರ್ ಬಗ್ಗೆ ಹೇಳಿದ ಸರ್, ನಿಮ್ಮದೂ ಮರೆತಿಲ್ಲ, ಎರಡೆರಡು ತಪ್ಪು ತಿದ್ದುತ್ತಿದ್ದೇನೆ.

ವಾಯ್ಸ್ ಮೆಸೇಜ್ 41 ಬಂದಿವೆ. ನಿನ್ನೆ ರಾತ್ರಿ ಕೂತು ಕೇಳಿದೆ. ಒಬ್ಬ ಬಸ್ಸಿನಲ್ಲೇ ಮಾತಾಡಿ ಕಳಿಸಿದ್ದಾನೆ. ‘ಗುಡ್ ಮಾರ್ನಿಂಗ್ ಸರ್, ಐ ಆಮ್ ಕಾಲಿಂಗ್ ಅಬೌಟ್ ದ ಶಾರ್ಟೇಜ್’ ಅಂತ ಗಂಭೀರವಾಗಿ ಶುರು ಮಾಡುತ್ತಾನೆ, ಹಿಂದಿನಿಂದ ಕಂಡಕ್ಟರ್ ‘ಜೇವರ್ಗಿ, ಜೇವರ್ಗಿ, ಒಳಗ ಸರೀರಿ’ ಅಂತ ಕೂಗುತ್ತಿದ್ದಾನೆ. ಹುಡುಗ ಒಂದು ಕ್ಷಣ ನಿಲ್ಲಿಸಿ, ‘ಎಕ್ಸ್‌ಕ್ಯೂಸ್ ಮೀ ಸರ್, ಒನ್ ಮಿನಿಟ್’ ಅಂದು, ಸರಿದು, ಮತ್ತೆ ಮುಂದುವರಿಸಿದ್ದಾನೆ.